ಊರಿಗೆ ಮರಳದ ಕವಿ: ಯೊಸಾ ಬುಸೊನ್

೧

ಹೈಕು ಎಂದೊಡನೆ ಕನ್ನಡದ ವಿದ್ಯಾರ್ಥಿಗೆ ನೆನಪಾಗುವ ಹೆಸರು ಬಾಶೊ. ಇಂಗ್ಲಿಷಿನ ಮೂಲಕ ನಮಗೆ ದೊರೆತ ಅನುವಾದಗಳಲ್ಲಿ ಅವನದೇ ಸಿಂಹಪಾಲು. ಕಪ್ಪೆ, ಕೊಳ, ಪಯಣ, ಏಕಾಂತ ಇವುಗಳಾಚೆಗೆ ಜಪಾನೀ ಕಿರುಗವಿತೆಗೆ ಬೇರೊಂದು ಲೋಕವಿದೆ ಎಂಬ ಅರಿವು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಮೂಡಿಲ್ಲ. ಬಾಶೊವಿನ ನಿಧನಾನಂತರ ಇಪ್ಪತ್ತೆರಡು ವರ್ಷಗಳಿಗೆ ಹುಟ್ಟಿ, ಬಾಶೊವನ್ನು ಗುರುವೆಂದು ಸ್ವೀಕರಿಸಿಯೂ ಅವನ ಹಾದಿಯಲ್ಲಿ ನಡೆಯದೆ, ಕುಂಚದಿಂದ ಹೊಟ್ಟೆ ಹೊರೆಯುತ್ತ ಕವಿತೆಯನ್ನು ಬಿಡದೆ ಬಾಳಿದ ಯೊಸಾ ಬುಸೊನ್ (೧೭೧೬–೧೭೮೪) ಆ ಬೇರೊಂದು ಲೋಕದ ಒಡೆಯ.

ಬುಸೊನ್‌ನನ್ನು ಕುರಿತು ಯೋಚಿಸುವಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಕವಿಯ ಬದುಕೂ ಕವಿತೆಯೂ ಒಂದೇ ಆಗಿರಬೇಕೇ ಎಂಬುದು ಮೊದಲನೆಯದು. ಹುಟ್ಟಿದ ನೆಲದಿಂದ ದೂರವಿದ್ದವನು ಆ ನೆಲವನ್ನು ತನ್ನ ಭಾಷೆಯೊಳಗೆ ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಲ್ಲ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯನ್ನು ಕರ್ನಾಟಕದ ಹೊರಗೆ ಕುಳಿತು ಕನ್ನಡ ಕಲಿಸುವ, ಕಲಿಯುವ ನಾವು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. ಈ ಸಂಸ್ಮರಣ ಸಂಪುಟಕ್ಕೆ ಜಪಾನಿನ ಕವಿಯೊಬ್ಬನ ಬದುಕನ್ನು ಆರಿಸಿಕೊಂಡುದಕ್ಕೆ ಇಷ್ಟೇ ಸಮರ್ಥನೆ. ಇಲ್ಲಿ ಅವನ ಪದ್ಯಗಳನ್ನು ಉದ್ಧರಿಸಿ ವಿವರಿಸುವ ಪ್ರಯತ್ನವಿಲ್ಲ. ಬದುಕಿನ ಗತಿಯನ್ನು ಕ್ರಮವಾಗಿ ನಿರೂಪಿಸುವುದಷ್ಟೇ ಉದ್ದೇಶ.

೨

ಬುಸೊನ್ ಹುಟ್ಟಿದ್ದು ಸೆತ್ಸು ಪ್ರಾಂತದ ಕೆಮಾ ಎಂಬ ಹಳ್ಳಿಯಲ್ಲಿ. ಯೊದೊ ನದಿಯ ದಂಡೆಯ ಈ ಹಳ್ಳಿ ಈಗ ಒಸಾಕಾ ನಗರದೊಳಗೆ ಸೇರಿಹೋಗಿದೆ. ತೊಕುಗಾವಾ ಮನೆತನದ ಆಳ್ವಿಕೆ ನೆಲೆಗೊಂಡು ಒಂದು ಶತಮಾನ ದಾಟಿದ ಕಾಲವದು. ದೇಶದೊಳಗೆ ಯುದ್ಧಗಳಿರಲಿಲ್ಲ, ಹೊರದೇಶಗಳ ಸಂಪರ್ಕ ಬಹುಮಟ್ಟಿಗೆ ಮುಚ್ಚಿತ್ತು. ಒಸಾಕಾ ವರ್ತಕರ ನಗರವಾಗಿ, ಎದೊ, ಎಂದರೆ ಈಗಿನ ತೋಕಿಯೊ, ಆಡಳಿತದ ನಗರವಾಗಿ, ಕ್ಯೋತೊ ಸಾಮ್ರಾಟನ ಆಸ್ಥಾನವೂ ಹಳೆಯ ವಿದ್ಯೆಗಳೂ ಉಳಿದಿದ್ದ ನಗರವಾಗಿ ಬೆಳೆದಿದ್ದವು. ಅಕ್ಷರ ಬಲ್ಲ ನಗರವಾಸಿಗಳಲ್ಲಿ ಪದ್ಯ ಕಟ್ಟುವ ಹವ್ಯಾಸ ವ್ಯಾಪಕವಾಗಿತ್ತು.

ಅವನ ಬಾಲ್ಯದ ಬಗೆಗೆ ಉಳಿದಿರುವ ಆಧಾರಗಳು ಅತ್ಯಲ್ಪ. ಮೂಲ ಮನೆತನದ ಹೆಸರು ತಾನಿಗುಚಿ ಎಂದು ಹೇಳುವುದು ವಾಡಿಕೆ. ಬುಸೊನ್ ಬರೆದ ನಾನೂರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಚಿತ್ರದ ಬೆಲೆ, ಬರಬೇಕಾದ ಹಣ, ಮಗಳ ಆರೋಗ್ಯ, ನಾಟಕಶಾಲೆಯ ನಟರು, ಊಟ ಉಪಚಾರ ಎಲ್ಲವೂ ಅವುಗಳಲ್ಲಿ ಬರುತ್ತವೆ. ಹೀಗೆ ಎಲ್ಲವನ್ನೂ ಬರೆದವನು ತಂದೆತಾಯಿಗಳ ವಿಚಾರದಲ್ಲಿ ಮಾತ್ರ ಮೌನಿ. ಈ ಮೌನವನ್ನು ತುಂಬಲು ಹುಟ್ಟಿಕೊಂಡ ಕತೆಗಳು ಹಲವು. ಅವುಗಳನ್ನು ಬದಿಗಿಟ್ಟು, ಮೌನವನ್ನೇ ಒಂದು ಸಂಗತಿಯೆಂದು ಗ್ರಹಿಸುವುದು ಜೀವನಚರಿತ್ರಕಾರನಿಗೆ ಕ್ಷೇಮಕರ.

ಇಪ್ಪತ್ತರ ಆಸುಪಾಸಿನಲ್ಲಿ ಅವನು ಊರು ಬಿಟ್ಟು ಎದೊ ಸೇರಿದ. ಅಲ್ಲಿ ಹಯಾನೊ ಹಾಜಿನ್ ಎಂಬ ಹಿರಿಯ ಕವಿಯ ಮನೆಯಲ್ಲಿ ಅಂತೇವಾಸಿಯಾದ. ಹಾಜಿನ್ ಬಾಶೊವಿನ ನೇರ ಶಿಷ್ಯರಾದ ಕಿಕಾಕು ಮತ್ತು ರಾನ್ಸೆತ್ಸು ಇವರಲ್ಲಿ ಕಲಿತವನು. ಗಂಟೆ ಗೋಪುರವೊಂದರ ಸಮೀಪದಲ್ಲಿದ್ದ ತನ್ನ ಮನೆಗೆ ಹಾಜಿನ್ ಯಾಹಾನ್‌ತೆಯ್, ಅಂದರೆ ನಡುರಾತ್ರಿಯ ಮಂಟಪ, ಎಂದು ಹೆಸರಿಟ್ಟಿದ್ದ. ಈ ಹೆಸರು ಮುಂದೆ ಬುಸೊನ್‌ನ ಬಾಳಿನಲ್ಲಿ ಮಹತ್ವ ಪಡೆಯಿತು. ಗುರುವನ್ನು ಅನುಕರಿಸುವುದು ಶಿಷ್ಯನ ಕೆಲಸವಲ್ಲ, ಸಮಯಕ್ಕೆ ತಕ್ಕಂತೆ ಸ್ವತಂತ್ರವಾಗಿ ಬದಲಾಗುತ್ತ ಹೋಗುವುದೇ ಕಾವ್ಯಮಾರ್ಗ ಎಂಬ ಪಾಠವನ್ನು ಹಾಜಿನ್‌ನಿಂದ ಕಲಿತೆನೆಂದು ಬುಸೊನ್ ತನ್ನ ಉತ್ತರವಯಸ್ಸಿನಲ್ಲಿ ನೆನೆದಿದ್ದಾನೆ.

ಇಲ್ಲಿ ಕಾವ್ಯಪ್ರಕಾರದ ಬಗ್ಗೆ ಒಂದು ಮಾತು ಅವಶ್ಯ. ಹಲವರು ಒಟ್ಟಾಗಿ ಕುಳಿತು ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯ ಜೋಡಿಸುತ್ತ ಹೋಗುವ ಗೋಷ್ಠಿಕಾವ್ಯಕ್ಕೆ ಹೈಕಾಯ್ ಎಂದು ಹೆಸರು. ಅದರ ಮೊದಲ ಪದ್ಯ ಹೊಕ್ಕು. ಐದು, ಏಳು, ಐದರ ಕ್ರಮದಲ್ಲಿ ಒಟ್ಟು ಹದಿನೇಳು ಘಟಕಗಳ ಪದ್ಯವದು. ಈ ಘಟಕವನ್ನು ನಮ್ಮ ಛಂದಸ್ಸಿನ ಮಾತ್ರೆಗೆ ಸ್ಥೂಲವಾಗಿ ಹೋಲಿಸಬಹುದು. ಹೊಕ್ಕು ಸ್ವತಂತ್ರ ಪದ್ಯವಾಗಿ ಬಾಶೊವಿನ ಕಾಲಕ್ಕಾಗಲೇ ಗೌರವ ಪಡೆದಿತ್ತಾದರೂ ಹೈಕು ಎಂಬ ಹೆಸರು ಇಂದಿನ ಅರ್ಥದಲ್ಲಿ ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಬುಸೊನ್ ತನ್ನನ್ನು ಹೈಕು ಕವಿ ಎಂದು ಎಂದೂ ಕರೆದುಕೊಂಡವನಲ್ಲ. ನಮ್ಮ ಚುಟುಕದೊಂದಿಗೆ ಇದನ್ನು ಸಮೀಕರಿಸುವುದೂ ಸರಿಯಲ್ಲ. ಪ್ರಾಸ ಮತ್ತು ಚಮತ್ಕಾರ ಚುಟುಕದ ಜೀವ. ಹೊಕ್ಕುವಿಗೆ ಪ್ರಾಸದ ಹಂಗಿಲ್ಲ, ಋತುವಿನ ಸೂಚನೆ ಬೇಕು, ಹೇಳದೆ ಉಳಿಸುವ ಧ್ವನಿ ಬೇಕು.

೩

೧೭೪೨ರಲ್ಲಿ ಹಾಜಿನ್ ತೀರಿಕೊಂಡ. ಗುರುವಿನ ಮನೆಯೇ ಮನೆಯಾಗಿದ್ದ ಶಿಷ್ಯನಿಗೆ ಎದೊದಲ್ಲಿ ನೆಲೆ ತಪ್ಪಿತು. ಶಿಮೋಸಾ ಪ್ರಾಂತದ ಯೂಕಿ ಎಂಬ ಊರಿನಲ್ಲಿ ಹಾಜಿನ್‌ನ ಇನ್ನೊಬ್ಬ ಶಿಷ್ಯ ಗಾಂತೋ ಇದ್ದ. ಬುಸೊನ್ ಅವನ ಆಶ್ರಯ ಪಡೆದು, ಅಲ್ಲಿಂದ ಸುಮಾರು ಹತ್ತು ವರ್ಷಗಳ ಕಾಲ ಪೂರ್ವ ಮತ್ತು ಉತ್ತರದ ಪ್ರಾಂತಗಳಲ್ಲಿ ಅಲೆದ. ಬೌದ್ಧ ಸಂನ್ಯಾಸಿಯ ಉಡುಗೆಯಲ್ಲಿ, ಬಾಶೊ ೧೬೮೯ರಲ್ಲಿ ಕ್ರಮಿಸಿದ ಉತ್ತರದ ಹಾದಿಯನ್ನು ಹಿಡಿದು ಅವನು ನಡೆದ. ಊಟ ವಸತಿಗಳಿಗೆ ಪ್ರತಿಯಾಗಿ ಆತಿಥೇಯರಿಗೆ ಚಿತ್ರ ಬರೆದುಕೊಟ್ಟ. ಆ ಕಾಲದ ಚಿತ್ರಗಳಲ್ಲಿ ಪಳಗಿದ ಕೈಯನ್ನು ಕಾಣಲಾರೆವು. ಯಾವ ಪ್ರಸಿದ್ಧ ಚಿತ್ರಗುರುವಿನಲ್ಲಿಯೂ ಅವನು ಕಲಿತಂತೆ ತಿಳಿದುಬರುವುದಿಲ್ಲ. ಸಿಕ್ಕಿದುದನ್ನು ನೋಡಿ, ನಕಲು ಮಾಡಿ, ತಾನೇ ಕಲಿತ.

ಈ ಅವಧಿಯ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ೧೭೪೫ರಲ್ಲಿ ಯೂಕಿಯ ಹಿರಿಯ ಕವಿ ಹಯಾಮಿ ಶಿಂಗಾ ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಬುಸೊನ್‌ಗೆ ಆದ ನಷ್ಟ. ತನಗಿಂತ ಸುಮಾರು ನಲವತ್ತೈದು ವರ್ಷ ಹಿರಿಯನಾದ ಈ ಗೆಳೆಯನನ್ನು ಕುರಿತು ಅವನು ರಚಿಸಿದ ಶೋಕಗೀತೆ ಹೊಕ್ಕುವಿನ ಕಟ್ಟನ್ನೂ ಚೀನೀ ಪದ್ಯದ ಕಟ್ಟನ್ನೂ ಮೀರಿ ಮುಕ್ತವಾಗಿ ಹರಿಯುತ್ತದೆ. ಅದು ಆಗಲೇ ಬರೆದದ್ದೋ ಮುಪ್ಪಿನಲ್ಲಿ ಬರೆದದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಚ್ಚಾದದ್ದಂತೂ ೧೭೯೩ರಲ್ಲಿ, ಕವಿ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ. ಇಪ್ಪತ್ತನೆಯ ಶತಮಾನದ ಜಪಾನೀ ಓದುಗರಿಗೆ ಅದು ನವ್ಯ ಕವಿತೆಯಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಕಾವ್ಯನಾಮದ ಸಂಗತಿ. ೧೭೪೪ರಲ್ಲಿ ಉತ್ಸುನೊಮಿಯಾ ಎಂಬ ಊರಿನಲ್ಲಿ ಹೊಸವರ್ಷದ ಪದ್ಯಗಳ ಒಂದು ಕಿರುಹೊತ್ತಗೆಯನ್ನು ಸಂಪಾದಿಸಿದಾಗ ಅವನು ಬುಸೊನ್ ಎಂಬ ಹೆಸರನ್ನು ಮೊದಲ ಬಾರಿಗೆ ಬಳಸಿದ. 'ಸೊನ್' ಎಂದರೆ ಹಳ್ಳಿ. 'ಬು' ಎಂದರೆ ಕಳೆ ಬೆಳೆದು ಹಾಳುಬಿದ್ದುದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಾಳೂರು. ಚೀನಾದ ಪ್ರಾಚೀನ ಕವಿ ತಾವೊ ಯುವಾನ್‌ಮಿಂಗ್ ಸರಕಾರಿ ಹುದ್ದೆಯನ್ನು ತೊರೆದು ಊರಿಗೆ ಮರಳಿದ ಪ್ರಸಂಗವನ್ನು ಕುರಿತು ಬರೆದ ಪ್ರಸಿದ್ಧ ಕೃತಿಯೊಂದಿದೆ. ಹೊಲತೋಟಗಳು ಹಾಳು ಬೀಳುತ್ತಿರುವಾಗ ಇನ್ನೂ ಮರಳದಿರುವುದೇಕೆ ಎಂಬ ಭಾವ ಅದರ ಆರಂಭದಲ್ಲಿ ಬರುತ್ತದೆ. ಬುಸೊನ್ ಎಂಬ ಹೆಸರಿನ ಮೂಲ ಅಲ್ಲಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ತಾವೊ ಮರಳಿ ಹೋದ. ಅವನ ಕೃತಿಯಿಂದ ಹೆಸರು ಪಡೆದ ಜಪಾನೀ ಕವಿ ಮಾತ್ರ ಕೆಮಾಗೆ ಮರಳಿ ಹೋದುದಕ್ಕೆ ದಾಖಲೆಯಿಲ್ಲ.

೪

೧೭೫೧ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಬುಸೊನ್ ಕ್ಯೋತೊಗೆ ಬಂದ. ದೇವಾಲಯಗಳಲ್ಲಿದ್ದ ಹಳೆಯ ಚಿತ್ರಗಳನ್ನು ಕಣ್ತುಂಬ ನೋಡುವ ಅವಕಾಶ ಅಲ್ಲಿ ದೊರೆಯಿತು. ೧೭೫೪ರಲ್ಲಿ ಜಪಾನ್ ಸಮುದ್ರದ ತೀರದ ತಾಂಗೊ ಪ್ರಾಂತಕ್ಕೆ ಹೋಗಿ ಮಿಯಾಜು ಪಟ್ಟಣದ ಕೆನ್ಶೋಜಿ ದೇವಾಲಯದಲ್ಲಿ ಮೂರು ವರ್ಷಗಳಷ್ಟು ಕಾಲ ನಿಂತ. ಅಲ್ಲಿಯ ಅರ್ಚಕನು ಕಾವ್ಯಪ್ರಿಯ. ಈ ಮೂರು ವರ್ಷ ಅವನು ಕವಿತೆಗಿಂತ ಚಿತ್ರದಲ್ಲಿ ಹೆಚ್ಚು ತೊಡಗಿದ. ೧೭೫೭ರಲ್ಲಿ ಕ್ಯೋತೊಗೆ ಹಿಂದಿರುಗಿದ ಮೇಲೆ ಯೊಸಾ ಎಂಬ ಮನೆತನದ ಹೆಸರನ್ನು ಇಟ್ಟುಕೊಂಡ. ಯೊಸಾ ಎಂಬುದು ತಾಂಗೊದ ಒಂದು ಸೀಮೆಯ ಹೆಸರು. ಅದು ತಾಯಿಯ ತವರು ಎಂಬ ಹೇಳಿಕೆ ಪರಂಪರೆಯಲ್ಲಿದೆ. ಹುಟ್ಟಿದ ಊರಿನ ಹೆಸರನ್ನು ಬಿಟ್ಟು, ಹಾಳೂರು ಎಂಬ ಕಾವ್ಯನಾಮವನ್ನೂ ಮತ್ತೊಂದು ಸೀಮೆಯ ಹೆಸರನ್ನೂ ಕೂಡಿಸಿಕೊಂಡು ಅವನು ಯೊಸಾ ಬುಸೊನ್ ಆದ.

೧೭೬೦ರ ಸುಮಾರಿಗೆ, ನಡುವಯಸ್ಸಿನಲ್ಲಿ, ಅವನು ತೊಮೊ ಎಂಬವಳನ್ನು ಮದುವೆಯಾದ. ಕುನೊ ಎಂಬ ಒಬ್ಬಳೇ ಮಗಳು. ಸಂನ್ಯಾಸಿಯ ಉಡುಗೆಯಲ್ಲಿ ಅಲೆದವನು ಗೃಹಸ್ಥನಾದ. ಮನೆ ನಡೆಸುವ ಹೊಣೆ ಬಿತ್ತು. ಬಾಶೊ ಮನೆಯ ಹೊಣೆಗಳಿಂದ ದೂರ ಉಳಿದು ಶಿಷ್ಯರ ಆಶ್ರಯದಲ್ಲಿ ಬಾಳಿದವನು. ಅವನ ಪಯಣ, ಬಡತನ, ಏಕಾಂತಗಳೇ ಅವನ ಕಾವ್ಯದ ದ್ರವ್ಯ. ಬುಸೊನ್‌ನದು ಬಾಡಿಗೆ ಮನೆ, ಹೆಂಡತಿ, ಮಗಳು, ತಿಂಗಳ ಖರ್ಚು. ಇಬ್ಬರ ಕಾವ್ಯದ ವ್ಯತ್ಯಾಸವನ್ನು ಇಷ್ಟರಿಂದಲೇ ವಿವರಿಸಲಾಗದು. ಆದರೆ ಇದನ್ನು ಮರೆತರೆ ಬುಸೊನ್‌ನನ್ನು ಅನ್ಯಾಯವಾಗಿ ತೂಗಿದಂತಾಗುತ್ತದೆ.

೫

ಹದಿನೆಂಟನೆಯ ಶತಮಾನದ ಕ್ಯೋತೊದಲ್ಲಿ ಹೊಸದೊಂದು ಚಿತ್ರಪಂಥ ತಲೆಯೆತ್ತುತ್ತಿತ್ತು. ನಾಗಾಸಾಕಿ ಬಂದರಿನ ಮೂಲಕ ಚೀನಾದ ಚಿತ್ರಗಳೂ ಮರದಚ್ಚಿನಲ್ಲಿ ಮುದ್ರಿಸಿದ ಚಿತ್ರಕಲಾ ಕೈಪಿಡಿಗಳೂ ಬರುತ್ತಿದ್ದವು. ಚೀನಾದಲ್ಲಿ ವಿದ್ವಾಂಸ-ಅಧಿಕಾರಿಗಳು ಹಣಕ್ಕಲ್ಲದೆ ಆತ್ಮತೃಪ್ತಿಗಾಗಿ ಬರೆಯುತ್ತಿದ್ದ ಚಿತ್ರಗಳ ಆದರ್ಶವನ್ನು ಮೆಚ್ಚಿ ಜಪಾನಿನಲ್ಲಿ ಬೆಳೆದ ಈ ಪಂಥಕ್ಕೆ ನಾಂಗಾ ಅಥವಾ ಬುಂಜಿಂಗಾ ಎಂದು ಹೆಸರು. ಅದರ ಉತ್ತುಂಗದ ಇಬ್ಬರು ಇಕೆ ನೊ ತಾಯ್ಗಾ ಮತ್ತು ಬುಸೊನ್. ಇಲ್ಲಿಯ ವಿಪರ್ಯಾಸವನ್ನು ಗಮನಿಸಬೇಕು. ಹಣದ ಹಂಗಿಲ್ಲದ ಹವ್ಯಾಸಿಯ ಕಲೆಯನ್ನು ಆದರ್ಶವಾಗಿಟ್ಟುಕೊಂಡ ಬುಸೊನ್ ಅದೇ ಶೈಲಿಯ ಚಿತ್ರಗಳನ್ನು ಮಾರಿ ಮನೆ ನಡೆಸಿದ. ಅವನ ಪತ್ರಗಳಲ್ಲಿ ಆದರ್ಶದ ಮಾತಿಗಿಂತ ಬಾಕಿ ಹಣದ ಮಾತು ಹೆಚ್ಚು.

೧೭೬೩ರಿಂದ ೧೭೬೬ರವರೆಗೆ ಅವನ ಅಭಿಮಾನಿಗಳು ಒಂದು ಸಂಘ ಮಾಡಿಕೊಂಡು, ಎಲ್ಲರೂ ಹಣ ಹಾಕಿ ರೇಷ್ಮೆ ಬಟ್ಟೆ ಮತ್ತು ಬಣ್ಣಗಳನ್ನು ಒದಗಿಸಿ, ಅವನಿಂದ ಮಡಿಕೆ ತೆರೆಗಳ ಮೇಲೆ ಚಿತ್ರ ಬರೆಯಿಸಿಕೊಂಡರು. ನಮ್ಮ ಚೀಟಿ ಹಾಕುವ ಪದ್ಧತಿಯನ್ನು ಇದು ನೆನಪಿಸುತ್ತದೆ. ದುಬಾರಿ ಸಾಮಗ್ರಿಯನ್ನು ಸ್ವಂತ ಖರ್ಚಿನಲ್ಲಿ ಕೊಳ್ಳಲಾಗದ ಕಲಾವಿದನಿಗೆ ದೊಡ್ಡ ಅಳತೆಯ ಕೃತಿಗಳನ್ನು ರಚಿಸುವ ಅವಕಾಶ ಹೀಗೆ ದೊರೆಯಿತು. ಆ ಬಳಿಕ ೧೭೬೬ರಿಂದ ೧೭೬೮ರವರೆಗೆ, ಹೆಂಡತಿ ಮಗಳನ್ನು ಕ್ಯೋತೊದಲ್ಲಿ ಬಿಟ್ಟು, ನಡುವೆ ಒಮ್ಮೆ ಮನೆಗೆ ಬಂದುಹೋಗಿ, ಅವನು ಶಿಕೊಕು ದ್ವೀಪದ ಸಾನುಕಿ ಪ್ರಾಂತದಲ್ಲಿ ಕೆಲಸ ಹುಡುಕುತ್ತ ತಿರುಗಿದ. ಮರುಗಾಮೆ ಪಟ್ಟಣದ ಮ್ಯೋಹೋಜಿ ದೇವಾಲಯದಲ್ಲಿ ಅವನು ಬರೆದ ಸೈಕಾಸ್ ಗಿಡಗಳ ಚಿತ್ರ ಇಂದಿಗೂ ಪ್ರಸಿದ್ಧ. ೧೭೬೮ರಲ್ಲಿ ಪ್ರಕಟವಾದ ಕ್ಯೋತೊದ ಗಣ್ಯರ ಪರಿಚಯ ಗ್ರಂಥದಲ್ಲಿ ಬುಸೊನ್‌ನ ಹೆಸರು ಮಾರುಯಾಮಾ ಓಕ್ಯೊ, ಇತೋ ಜಾಕುಚು, ತಾಯ್ಗಾ ಇವರ ಜೊತೆಯಲ್ಲಿ ಚಿತ್ರಕಾರರ ಸಾಲಿನಲ್ಲಿದೆ.

೧೭೭೧ರಲ್ಲಿ ತಾಯ್ಗಾ ಮತ್ತು ಬುಸೊನ್ ಸೇರಿ ಒಂದು ಚಿತ್ರಸಂಪುಟವನ್ನು ರಚಿಸಿದರು. ಹದಿನೇಳನೆಯ ಶತಮಾನದ ಚೀನೀ ಲೇಖಕ ಲಿ ಯು ಹಳ್ಳಿವಾಸದ ಅನುಕೂಲಗಳನ್ನೂ ಸೊಗಸುಗಳನ್ನೂ ಕುರಿತು ಬರೆದ ಪದ್ಯಗಳು ಅದಕ್ಕೆ ಆಧಾರ. ಹತ್ತು ಅನುಕೂಲಗಳನ್ನು ತಾಯ್ಗಾ ಬರೆದ. ಹತ್ತು ಸೊಗಸುಗಳನ್ನು ಬುಸೊನ್. ತಾಯ್ಗಾನ ಗೆರೆಯಲ್ಲಿ ವಿಶಾಲತೆಯಿದ್ದರೆ ಬುಸೊನ್‌ನಲ್ಲಿ ಹವೆ, ಬೆಳಕು, ಮಳೆಗಳ ಸೂಕ್ಷ್ಮ ವ್ಯತ್ಯಾಸಗಳಿವೆ. ಬೆಳಗು, ಸಂಜೆ, ಗಾಳಿ, ಮೋಡ ಇವುಗಳನ್ನು ಬರೆಯುವ ಪಾಲು ಬುಸೊನ್‌ಗೆ ಬಂದದ್ದು ಉಚಿತವೇ ಆಯಿತು. ಜಪಾನಿನ ರಾಷ್ಟ್ರೀಯ ನಿಧಿಗಳಲ್ಲಿ ಒಂದೆಂದು ಘೋಷಿತವಾಗಿರುವ ಈ ಸಂಪುಟ ಕಾದಂಬರಿಕಾರ ಕವಾಬಾತಾ ಯಾಸುನಾರಿಯ ಸಂಗ್ರಹದಲ್ಲಿತ್ತು.

೬

ಕವಿತೆಯ ಕಡೆಗೆ ಅವನು ಪೂರ್ಣಪ್ರಮಾಣದಲ್ಲಿ ತಿರುಗಿದ್ದು ಐವತ್ತರ ವಯಸ್ಸಿನಲ್ಲಿ. ೧೭೬೬ರಲ್ಲಿ ತಾನ್ ತಾಯ್ಗಿ, ಕುರೊಯಾನಾಗಿ ಶೋಹಾ ಮೊದಲಾದ ಗೆಳೆಯರೊಡನೆ ಸಾಂಕಾಶಾ ಎಂಬ ಕಾವ್ಯಗೋಷ್ಠಿಯನ್ನು ಆರಂಭಿಸಿದ. ಕೊಟ್ಟ ವಿಷಯದ ಮೇಲೆ ಎಲ್ಲರೂ ಪದ್ಯ ರಚಿಸುವುದು ಅದರ ಕ್ರಮ. ೧೭೭೦ರಲ್ಲಿ, ಗುರು ಹಾಜಿನ್ ತೀರಿಕೊಂಡು ಇಪ್ಪತ್ತೆಂಟು ವರ್ಷಗಳಾದ ಮೇಲೆ, ಯಾಹಾನ್‌ತೆಯ್ ಪೀಠದ ಎರಡನೆಯ ಅಧಿಪತಿಯಾದ. ಮರುವರ್ಷವೇ ತಾಯ್ಗಿಯೂ ಶೋಹಾನೂ ಕಾಲವಾದರು. ತಕಾಯ್ ಕಿತೋ ಎಂಬ ತರುಣ ಶಿಷ್ಯ ಆ ಬಳಿಕ ಅವನ ಬಲಗೈಯಾಗಿ ನಿಂತ.

ಬಾಶೊ ನಿಧನನಾದ ಮೇಲೆ ಹೈಕಾಯ್ ಕೀಳು ಚಮತ್ಕಾರಗಳ, ಅಂಕ ಗಳಿಸುವ ಪಂದ್ಯಗಳ ವಸ್ತುವಾಗಿತ್ತು. ಬಾಶೊವಿನ ಸತ್ತ್ವಕ್ಕೆ ಹಿಂದಿರುಗಬೇಕೆಂಬ ಕೂಗು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ಕಡೆಗಳಿಂದ ಎದ್ದಿತು. ಬುಸೊನ್ ಆ ಚಳವಳಿಯ ಪ್ರಮುಖರಲ್ಲಿ ಒಬ್ಬ. ಕ್ಯೋತೊದ ಈಶಾನ್ಯಕ್ಕಿರುವ ಕೊಂಪುಕುಜಿ ದೇವಾಲಯದ ಆವರಣದಲ್ಲಿ ಬಾಶೊವಿನ ಹೆಸರಿನ ಗುಡಿಸಿಲನ್ನು ಮತ್ತೆ ಕಟ್ಟಿಸುವ ಸಂಕಲ್ಪವನ್ನು ಅವನೂ ಶಿಷ್ಯರೂ ೧೭೭೬ರಲ್ಲಿ ಕೈಗೊಂಡರು. ಬಾಶೊವಿನ ಉತ್ತರಯಾತ್ರೆಯ ಗದ್ಯವನ್ನು ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಿಂದಲೇ ನಕಲು ಮಾಡಿ, ನಡುನಡುವೆ ಚಿತ್ರಗಳನ್ನು ಬಿಡಿಸಿ, ಸುರುಳಿಗಳನ್ನೂ ತೆರೆಗಳನ್ನೂ ೧೭೭೭ರಿಂದ ೧೭೭೯ರ ಅವಧಿಯಲ್ಲಿ ರಚಿಸಿದ. ಅಲ್ಪ ಗೆರೆಗಳ ಚಿತ್ರವನ್ನೂ ಪದ್ಯವನ್ನೂ ಒಂದೇ ಹಾಳೆಯಲ್ಲಿ ಸೇರಿಸುವ ಹಾಯ್ಗಾ ಎಂಬ ಪ್ರಕಾರದಲ್ಲಿ ತನಗೆ ಸಮನಾದವರು ದೇಶದಲ್ಲಿಲ್ಲ ಎಂದು ಪತ್ರವೊಂದರಲ್ಲಿ ಅವನು ಹೆಮ್ಮೆಪಟ್ಟುದೂ ಉಂಟು. ಆ ಹೆಮ್ಮೆ ನಿರಾಧಾರವಾಗಿರಲಿಲ್ಲ.

ಅವನ ಕಾವ್ಯತತ್ತ್ವ ಸ್ಪಷ್ಟವಾಗಿ ಕಾಣಿಸುವುದು ಶೋಹಾನ ಪದ್ಯಸಂಗ್ರಹಕ್ಕೆ ೧೭೭೭ರಲ್ಲಿ ಬರೆದ ಮುನ್ನುಡಿಯಲ್ಲಿ. ಆಡುಮಾತನ್ನು ಬಳಸಿಕೊಂಡೇ ಆಡುಮಾತಿನ ಗ್ರಾಮ್ಯತೆಯನ್ನು ದಾಟಬೇಕು ಎಂಬುದು ಅಲ್ಲಿಯ ಮುಖ್ಯ ವಾದ. ಅದಕ್ಕೆ ದಾರಿ ಯಾವುದು ಎಂಬ ಪ್ರಶ್ನೆಗೆ ಅವನು ಸೂಚಿಸುವುದು ಪ್ರಾಚೀನ ಕಾವ್ಯಗಳ ಓದನ್ನು. ಚಿತ್ರಕಾರನ ಗ್ರಾಮ್ಯತೆಯೂ ಓದಿನಿಂದಲೇ ಕಳೆಯುತ್ತದೆ ಎಂಬ ಚೀನೀ ಚಿತ್ರಶಾಸ್ತ್ರದ ಮಾತನ್ನು ಅವನು ಕಾವ್ಯಕ್ಕೆ ಅನ್ವಯಿಸುತ್ತಾನೆ. ಪಂಪನಿಂದ ಮೊದಲುಗೊಂಡು ಮಾರ್ಗ ಮತ್ತು ದೇಸಿಗಳ ಸಂಬಂಧವನ್ನು ಚರ್ಚಿಸುತ್ತ ಬಂದಿರುವ ಕನ್ನಡ ವಿದ್ಯಾರ್ಥಿಗೆ ಈ ವಾದ ಅಪರಿಚಿತವೆನಿಸದು. ದೇಸಿ ಮಾರ್ಗದೊಳಗೆ ಹೊಗಬೇಕೇ, ಮಾರ್ಗ ದೇಸಿಯೊಳಗೆ ಇಳಿಯಬೇಕೇ ಎಂಬುದು ನಮ್ಮ ಪ್ರಶ್ನೆಯಾದರೆ, ದೇಸಿಯಲ್ಲಿಯೇ ನಿಂತು ಮಾರ್ಗದ ಎತ್ತರವನ್ನು ಪಡೆಯುವುದು ಬುಸೊನ್‌ನ ಗುರಿ. ಎರಡು ಪರಂಪರೆಗಳ ನಡುವೆ ಯಾವ ಸಂಪರ್ಕವೂ ಇರಲಿಲ್ಲ. ಎರಡೂ ಒಂದು ಹಿರಿಯ ಭಾಷೆಯ ನೆರಳಿನಲ್ಲಿ ಬೆಳೆದುವು ಎಂಬುದಷ್ಟೇ ಸಮಾನ ಕಾರಣ.

ಬುಸೊನ್‌ನ ಕಾವ್ಯವನ್ನು ಕುರಿತ ಒಂದು ಆಕ್ಷೇಪವನ್ನು ಇಲ್ಲಿ ಎತ್ತಿಕೊಳ್ಳಬೇಕು. ಅವನ ಹೆಸರಾಂತ ಪದ್ಯಗಳಲ್ಲೊಂದು, ಗತಿಸಿದ ಹೆಂಡತಿಯ ಬಾಚಣಿಗೆ ಮಲಗುವ ಕೋಣೆಯಲ್ಲಿ ಕಾಲಿಗೆ ತಾಕಿದ ಗಂಡನ ತಣ್ಣನೆಯ ನೋವನ್ನು ಕುರಿತದ್ದು. ಪದ್ಯವನ್ನು ಓದಿದವರು ಕವಿ ವಿಧುರನೆಂದೇ ಭಾವಿಸುತ್ತಾರೆ. ಆದರೆ ತೊಮೊ ಆಗ ಬದುಕಿದ್ದಳು. ಗಂಡನ ನಿಧನದ ನಂತರವೂ ಬಹುಕಾಲ ಬಾಳಿದಳು. ಹಾಗಾದರೆ ಈ ನೋವು ಸುಳ್ಳೇ? ಬದುಕಿದ್ದನ್ನೇ ಬರೆದ ಬಾಶೊವಿನ ಅಳತೆಗೋಲಿನಿಂದ ನೋಡಿದವರು ಬುಸೊನ್‌ನಲ್ಲಿ ಕೃತಕತೆಯನ್ನು ಕಂಡದ್ದುಂಟು. ಈ ಅಳತೆಗೋಲೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅವನು ಚಿತ್ರಕಾರ. ನೋಡದ ಚೀನಾದ ಬೆಟ್ಟಗಳನ್ನು ಬರೆದಂತೆಯೇ ಅನುಭವಿಸದ ವೈಧುರ್ಯವನ್ನೂ ಬರೆದ. ಪರರ ನೋವನ್ನು ತನ್ನದಾಗಿಸಿಕೊಳ್ಳುವ ಶಕ್ತಿಯನ್ನು ನಾಟಕಕಾರನಲ್ಲಿ ಮೆಚ್ಚುವ ನಾವು ಭಾವಗೀತದ ಕವಿಯಲ್ಲಿ ಅದನ್ನೇ ದೋಷವೆನ್ನಲಾಗದು. ಅವನು ನಾಟಕಶಾಲೆಯ ಖಾಯಂ ಪ್ರೇಕ್ಷಕನಾಗಿದ್ದ ಎಂಬುದನ್ನೂ ಇಲ್ಲಿ ನೆನೆಯಬಹುದು.

೭

೧೭೭೭ನೆಯ ಇಸವಿ ಬುಸೊನ್‌ನ ಬಾಳಿನಲ್ಲಿ ವಿಶೇಷವಾದುದು. ಹಿಂದಿನ ವರ್ಷದ ಕೊನೆಯಲ್ಲಿ ಮಗಳು ಕುನೊಳ ಮದುವೆಯಾಗಿತ್ತು. ಕೆಲವೇ ತಿಂಗಳುಗಳಲ್ಲಿ ಆ ಸಂಬಂಧ ಮುರಿಯಿತು. ಬೀಗರಿಗೆ ಹಣ ಗಳಿಸುವುದೊಂದೇ ಧ್ಯಾನ, ಆ ಮನೆಯಲ್ಲಿ ಮಗಳು ಕೊರಗುತ್ತಿದ್ದಳು, ಅದಕ್ಕಾಗಿ ಕರೆದುಕೊಂಡು ಬಂದೆ ಎಂಬರ್ಥದ ಮಾತುಗಳು ಅವನ ಪತ್ರದಲ್ಲಿ ಬರುತ್ತವೆ. ಅದೇ ವರ್ಷದ ಬೇಸಗೆಯಲ್ಲಿ ವ್ರತದಂತೆ ದಿನಕ್ಕೆ ಹತ್ತು ಪದ್ಯಗಳನ್ನು ರಚಿಸತೊಡಗಿ ನಡುವೆಯೇ ನಿಲ್ಲಿಸಿದ. ತೀರಿಕೊಂಡ ತಾಯಿಯ ಸ್ಮರಣೆಗಾಗಿ ಈ ವ್ರತ ಎಂದು ಹಲವು ವಿದ್ವಾಂಸರು ಊಹಿಸಿದ್ದಾರೆ.

ಆ ವರ್ಷದ ಆರಂಭದಲ್ಲಿಯೇ ಪ್ರಕಟವಾದದ್ದು ಕೆಮಾದ ಏರಿಯ ಮೇಲಣ ವಸಂತದ ಗಾಳಿಯನ್ನು ಕುರಿತ ಅವನ ಪದ್ಯಮಾಲಿಕೆ, ಶುಂಪೂ ಬಾತೇಯ್ ಕ್ಯೊಕು. ಹದಿನೆಂಟು ಭಾಗಗಳ ಈ ಕೃತಿಯಲ್ಲಿ ಹೊಕ್ಕು, ಚೀನೀ ಪದ್ಯ, ಚೀನೀ ಪದ್ಯದ ಧಾಟಿಯ ಜಪಾನೀ ಸಾಲುಗಳು ಬೆರೆತಿವೆ. ಒಸಾಕಾದಲ್ಲಿ ಮನೆಗೆಲಸಕ್ಕಿರುವ ಹಳ್ಳಿಯ ಹುಡುಗಿ ಹೊಸವರ್ಷದ ಬಿಡುವಿನಲ್ಲಿ ಊರಿಗೆ ಹೋಗುತ್ತಾಳೆ. ನಗರದ ಉಡುಪು, ನಗರದ ನಡೆ ಅವಳಿಗೆ ಹಿಡಿದಿವೆ. ದಾರಿಯಲ್ಲಿ ಚಹದ ಅಂಗಡಿಯ ಮುದುಕಿ ಅವಳನ್ನು ಗುರುತಿಸಿ ಉಪಚರಿಸುತ್ತಾಳೆ. ಏರಿಯ ಮೇಲಿನ ಹೂಗಳನ್ನು ಕಂಡು ಅವಳಿಗೆ ತಾಯಿಯ ನೆನಪು ಉಕ್ಕುತ್ತದೆ. ಸಂಜೆಯ ಹೊತ್ತಿಗೆ ಮನೆ ಕಾಣುತ್ತದೆ. ಬಾಗಿಲಲ್ಲಿ ಕಾದಿರುವ ನರೆಗೂದಲಿನ ತಾಯಿ ಕಾಣುತ್ತಾಳೆ. ಕೊನೆಯ ಪದ್ಯವನ್ನು ಬುಸೊನ್ ತಾನು ಬರೆಯಲಿಲ್ಲ. ತೀರಿಕೊಂಡ ಗೆಳೆಯ ತಾಯ್ಗಿಯ ಹೊಕ್ಕುವೊಂದನ್ನು ತಂದು ಅಲ್ಲಿ ಇರಿಸಿದ. ಮನೆಯೊಳಗೆ ಕಾಲಿಡುವ ಗಳಿಗೆಯಲ್ಲಿ ಕವಿ ತನ್ನ ದನಿಯನ್ನು ಹಿಂದೆಗೆದುಕೊಂಡು ಗೆಳೆಯನಿಗೆ ಎಡೆಕೊಟ್ಟ.

ಈ ಕೃತಿಯ ಪ್ರತಿಯೊಂದಿಗೆ ಫುಶಿಮಿಯ ಶಿಷ್ಯರಿಗೆ ಬರೆದ ಪತ್ರದಲ್ಲಿ ಕೆಮಾ ತನ್ನ ಹುಟ್ಟೂರು ಎಂದು ಅವನು ತಿಳಿಸುತ್ತಾನೆ. ಬಾಲ್ಯದಲ್ಲಿ ವಸಂತದ ದಿನಗಳಲ್ಲಿ ಗೆಳೆಯರೊಡನೆ ಆ ಏರಿಯ ಮೇಲೆ ಆಡುತ್ತಿದ್ದುದನ್ನು ನೆನೆಯುತ್ತಾನೆ. ಮುದುಕನೊಬ್ಬ ಊರಿನ ಹಂಬಲ ತಡೆಯಲಾರದೆ ನರಳಿದುದರ ಫಲ ಈ ಪದ್ಯಗಳು ಎಂದು ಒಪ್ಪಿಕೊಳ್ಳುತ್ತಾನೆ. ಅವನ ಜನ್ಮಸ್ಥಳದ ಬಗ್ಗೆ ನಮಗಿರುವ ಮುಖ್ಯ ಆಧಾರವೇ ಈ ಪತ್ರ. ಅರುವತ್ತು ದಾಟಿದ ಮೇಲೆ ಬಾಯಿ ತೆರೆದ ಮೌನವಿದು.

ಇಷ್ಟು ಹಂಬಲಿಸಿದವನಿಗೆ ಕೆಮಾ ದೂರವಿತ್ತೇ? ಕ್ಯೋತೊದ ದಕ್ಷಿಣಕ್ಕಿರುವ ಫುಶಿಮಿಯಿಂದ ಒಸಾಕಾಗೆ ಯೊದೊ ನದಿಯಲ್ಲಿ ದೋಣಿಗಳು ಓಡಾಡುತ್ತಿದ್ದವು. ಆ ಜಲಮಾರ್ಗ ಕೆಮಾದ ಏರಿಯ ಬಳಿಯೇ ಹಾದುಹೋಗುತ್ತಿತ್ತು. ಒಸಾಕಾದಲ್ಲಿ ಅವನಿಗೆ ಗೆಳೆಯರಿದ್ದರು, ಗ್ರಾಹಕರಿದ್ದರು. ಅವನು ಅಲ್ಲಿಗೆ ಹಲವು ಬಾರಿ ಹೋಗಿಬಂದ. ಹಾಗಿದ್ದೂ ಊರಿನೊಳಗೆ ಕಾಲಿಟ್ಟ ಉಲ್ಲೇಖ ಎಲ್ಲಿಯೂ ಸಿಗುವುದಿಲ್ಲ. ಅವನನ್ನು ತಡೆದದ್ದು ದೂರವಾಗಿರಲಾರದು. ಅಲ್ಲಿ ಕಾದಿರುವವರು ಯಾರೂ ಉಳಿದಿರಲಿಲ್ಲವೋ, ಮರಳಬಾರದ ಕಾರಣವೊಂದಿತ್ತೋ, ಕವಿತೆ ಅದನ್ನು ಹೇಳುವುದಿಲ್ಲ. ತಾನು ಹೋಗದ ಊರಿಗೆ ಅವನು ಆ ಹುಡುಗಿಯನ್ನು ಕಳುಹಿಸಿದ. ಬಾಚಣಿಗೆಯ ಪದ್ಯದ ವಿಚಾರದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿಯೂ ಇದೆ. ಕಲ್ಪಿತ ಪಾತ್ರದ ಮರೆಯಲ್ಲಿ ನಿಂತಾಗಲೇ ಅವನು ತನ್ನ ಅತ್ಯಂತ ಖಾಸಗಿಯಾದ ದುಃಖವನ್ನು ನುಡಿಯಬಲ್ಲವನಾದ.

೮

ಕೊನೆಯ ಆರೇಳು ವರ್ಷಗಳಲ್ಲಿ ಅವನ ಚಿತ್ರಕಲೆ ಪರಿಪಾಕಕ್ಕೆ ಬಂದಿತು. ೧೭೭೮ರಿಂದ ಚಿತ್ರಗಳಿಗೆ ಶಾಯಿನ್ ಎಂಬ ಅಂಕಿತ ಹಾಕತೊಡಗಿದ. ರಾತ್ರಿಯ ಹಿಮದಲ್ಲಿ ಮಲಗಿರುವ ನಗರವನ್ನು ತೋರಿಸುವ ಅಡ್ಡ ಚಿತ್ರ, ಬಿರುಮಳೆಯಲ್ಲಿ ಕುಳಿತ ಹದ್ದು ಮತ್ತು ಹಿಮದಲ್ಲಿ ಒತ್ತಾಗಿ ಕುಳಿತ ಎರಡು ಕಾಗೆಗಳ ಜೋಡಿಚಿತ್ರ ಈ ಕಾಲದವು. ನಗರದ ಚಿತ್ರದಲ್ಲಿ ಕಪ್ಪು ಆಕಾಶದ ಕೆಳಗೆ ಬಿಳಿಯ ಮಾಡುಗಳು ಸಾಲುಗೊಂಡಿವೆ. ಅಲ್ಲಲ್ಲಿ ಕಿಟಕಿಗಳಲ್ಲಿ ಮಾತ್ರ ದೀಪದ ಬೆಚ್ಚನೆಯ ಬಣ್ಣವಿದೆ. ಚೀನೀ ಬೆಟ್ಟಗಳ ಆದರ್ಶ ಲೋಕವನ್ನು ಬಿಟ್ಟು ಜನ ಬಾಳುವ ಮನೆಗಳ ಮೇಲೆ ಕವಿಯ ಕಣ್ಣು ನೆಲೆಸಿದೆ. ೨೦೦೯ರಲ್ಲಿ ಈ ಚಿತ್ರ ರಾಷ್ಟ್ರೀಯ ನಿಧಿಯೆಂದು ಘೋಷಿತವಾಯಿತು.

ಮುಪ್ಪಿನಲ್ಲಿ ಅವನು ವಿರಕ್ತನೇನೂ ಆಗಲಿಲ್ಲ. ಕೊಇತೊ ಎಂಬ ತರುಣ ಗಾಯಕಿ-ನರ್ತಕಿಯಲ್ಲಿ ಅವನಿಗಿದ್ದ ಒಲವನ್ನು ಶಿಷ್ಯನೊಬ್ಬ ಖಂಡಿಸಿದಾಗ, ಆ ಬುದ್ಧಿವಾದ ಸರಿಯೆಂದು ಒಪ್ಪಿ ಬರೆದ ಪತ್ರ ಉಳಿದಿದೆ. ೧೭೮೩ರ ಶರತ್ಕಾಲದಲ್ಲಿ ಉಜಿಯ ಬೆಟ್ಟಗಳಿಗೆ ಅಣಬೆ ಆಯುವ ವಿಹಾರಕ್ಕೆ ಹೋಗಿ ಬಂದವನು ಬಳಿಕ ಕಾಯಿಲೆ ಬಿದ್ದ. ಚಾಂದ್ರಮಾನ ಪಂಚಾಂಗದ ಹನ್ನೆರಡನೆಯ ತಿಂಗಳ ಇಪ್ಪತ್ತೈದನೆಯ ದಿನ, ಅಂದರೆ ೧೭೮೪ರ ಜನವರಿ ೧೭ರಂದು, ಬೆಳಗಿನ ಜಾವ ತೀರಿಕೊಂಡ. ಜಪಾನೀ ಗಣನೆಯಂತೆ ಅದು ಅವನ ಅರುವತ್ತೆಂಟನೆಯ ವಯಸ್ಸು. ಕೊನೆಯ ರಾತ್ರಿ ಅವನು ಹೇಳಿದ ಮೂರು ಪದ್ಯಗಳನ್ನು ಶಿಷ್ಯ ಮತ್ಸುಮುರಾ ಗೊಶುನ್ ಬರೆದುಕೊಂಡ. ಮೂರನೆಯದು ಬಿಳಿಯ ಪ್ಲಮ್ ಹೂಗಳ ಬೆಳಗನ್ನು ಕುರಿತದ್ದು. ಆ ಪದ್ಯಕ್ಕೆ ವಸಂತದ ಆರಂಭ ಎಂಬ ಅರ್ಥದ ತಲೆಬರಹ ಹಾಕುವಂತೆ ತಿಳಿಸಿದನೆಂದು ಕಿತೋ ದಾಖಲಿಸಿದ್ದಾನೆ. ಹೊಸವರ್ಷಕ್ಕೆ ಇನ್ನೂ ಕೆಲವು ದಿನಗಳಿದ್ದವು. ಕೊಂಪುಕುಜಿಯಲ್ಲಿ, ಬಾಶೊವಿನ ಗುಡಿಸಿಲಿನ ಸಮೀಪದಲ್ಲಿ, ಅವನ ಸಮಾಧಿಯಿದೆ.

೯

೧೭೮೪ರಲ್ಲಿ ಕಿತೋ ತನ್ನ ಗುರುವಿನ ೮೬೮ ಪದ್ಯಗಳ ಸಂಗ್ರಹವನ್ನು ಸಿದ್ಧಪಡಿಸಿದ. ಗೊಶುನ್ ಚಿತ್ರಕಲೆಯಲ್ಲಿ ಶಿಜೋ ಎಂಬ ಹೊಸ ಪಂಥದ ಮೂಲಪುರುಷನಾದ. ಆದರೆ ಕವಿಯಾಗಿ ಬುಸೊನ್‌ನ ಹೆಸರು ಕ್ರಮೇಣ ಮಸುಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನನ್ನು ಮುಖ್ಯವಾಗಿ ಚಿತ್ರಕಾರನೆಂದೇ ಜನ ತಿಳಿದಿದ್ದರು, ಬಾಶೊವಾದರೋ ದೈವತ್ವಕ್ಕೇರಿದ್ದ.

ಈ ಸ್ಥಿತಿಯನ್ನು ಬದಲಿಸಿದವನು ಮಸಾಓಕಾ ಶಿಕಿ (೧೮೬೭–೧೯೦೨). ಅವನೂ ಅವನ ಗೆಳೆಯರೂ ಬುಸೊನ್‌ನ ಪದ್ಯಸಂಗ್ರಹದ ಪ್ರತಿಗಾಗಿ ಹುಡುಕಾಡಿದರು; ತಂದುಕೊಟ್ಟವರಿಗೆ ಬಹುಮಾನವನ್ನೂ ಸಾರಿದರು. ಕ್ಷಯರೋಗ ಬೆನ್ನೆಲುಬಿಗೆ ತಗುಲಿ ಹಾಸಿಗೆ ಹಿಡಿದಿದ್ದ ಶಿಕಿ ೧೮೯೭ರಲ್ಲಿ ಪತ್ರಿಕೆಯಲ್ಲಿ ಬರೆದ ಲೇಖನಮಾಲೆ ೧೮೯೯ರಲ್ಲಿ ಪುಸ್ತಕವಾಯಿತು. ಬುಸೊನ್ ಬಾಶೊವಿಗೆ ಸರಿಸಮನೆಂದು, ಕಣ್ಣಿಗೆ ಕಾಣುವುದನ್ನು ಕಂಡಂತೆ ಮೂಡಿಸುವ ವಸ್ತುನಿಷ್ಠ ಸೌಂದರ್ಯದಲ್ಲಿ ಅಗ್ರಗಣ್ಯನೆಂದು ಶಿಕಿ ವಾದಿಸಿದ. ೧೯೩೬ರಲ್ಲಿ ಆಧುನಿಕ ಕವಿ ಹಗಿವಾರಾ ಸಕುತಾರೋ ಇದಕ್ಕೆ ಎದುರಾದ ಮಾತನ್ನು ಹೇಳಿದ. ಬುಸೊನ್ ಬರಿಯ ಕಣ್ಣಿನ ಕವಿಯಲ್ಲ, ಕಳೆದುಹೋದ ತವರಿಗಾಗಿ ಹಂಬಲಿಸುವ ಹೃದಯದ ಕವಿ ಎಂಬುದು ಅವನ ನಿಲುವು. ಶಿಕಿಯ ಬುಸೊನ್ ನಮಗೆ ನೋಡುವುದನ್ನು ಕಲಿಸುತ್ತಾನೆ. ಸಕುತಾರೋನ ಬುಸೊನ್ ಅಗಲಿಕೆಯನ್ನು ತಿಳಿಸುತ್ತಾನೆ. ಕೆಮಾದ ಏರಿಯ ಪದ್ಯಮಾಲಿಕೆಯನ್ನು ಮುಂದಿಟ್ಟುಕೊಂಡರೆ ಇವೆರಡೂ ಒಂದೇ ಮಾತಿನ ಎರಡು ಮಗ್ಗುಲುಗಳೆಂದು ತೋರುತ್ತದೆ. ಕಾಣದ ಊರನ್ನು ಅಷ್ಟು ನಿಚ್ಚಳವಾಗಿ ಕಂಡದ್ದೇ ಹಂಬಲದ ಬಲದಿಂದ. ಶೋಧನೆ ಇನ್ನೂ ಮುಗಿದಿಲ್ಲ. ೨೦೧೫ರಲ್ಲಿ ತೆನ್ರಿ ವಿಶ್ವವಿದ್ಯಾಲಯದ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಅದುವರೆಗೆ ಅಜ್ಞಾತವಾಗಿದ್ದ ಅವನ ೨೧೨ ಪದ್ಯಗಳು ದೊರೆತ ಸುದ್ದಿ ಪ್ರಕಟವಾಯಿತು. ಹಸ್ತಪ್ರತಿಗಳನ್ನು ಜೋಪಾನ ಮಾಡುವ ವಿಭಾಗಗಳಲ್ಲಿ ದುಡಿಯುವವರಿಗೆ ಇದು ಉತ್ಸಾಹ ನೀಡುವ ಸಂಗತಿ.

೧೮೯೬ರಿಂದ ೧೯೧೦ರವರೆಗೆ ಪ್ರವಾಹ ತಡೆಯುವ ಸಲುವಾಗಿ ಯೊದೊ ನದಿಗೆ ಹೊಸ ಪಾತ್ರವನ್ನು ತೋಡಲಾಯಿತು. ಬುಸೊನ್ ಆಡಿದ ಏರಿ, ಅವನ ಕಾಲದ ಕೆಮಾ ಈಗ ಹಿಂದಿನ ರೂಪದಲ್ಲಿಲ್ಲ. ಕವಿಯ ಸ್ಮಾರಕಶಿಲೆಯೊಂದು ಹೊಸ ಏರಿಯ ಮೇಲೆ ನಿಂತಿದೆ. ಇಂದು ಯಾರಾದರೂ ಆ ಹಳ್ಳಿಗೆ ಹೋಗಬೇಕೆಂದರೆ ೧೭೭೭ರ ಹದಿನೆಂಟು ಭಾಗಗಳ ಆ ಕೃತಿಯ ಮೂಲಕವೇ ಹೋಗಬೇಕು. ನಮ್ಮ ವಿಭಾಗಗಳಲ್ಲಿ ಓದುವ ಮಕ್ಕಳಲ್ಲಿ ಹಲವರು ತಂದೆತಾಯಿಗಳ ಊರನ್ನು ರಜೆಯ ದಿನಗಳಲ್ಲಿ ಮಾತ್ರ ಕಂಡವರು. ಕೆಲವರು ಅದನ್ನೂ ಕಾಣದವರು. ಅವರು ಕನ್ನಡದಲ್ಲಿ ಬರೆಯತೊಡಗಿದಾಗ, ಇದು ನೀನು ಬದುಕಿದ ಊರಲ್ಲವಲ್ಲ ಎಂದು ಆಕ್ಷೇಪಿಸುವ ಮೊದಲು ಬುಸೊನ್‌ನನ್ನು ಒಮ್ಮೆ ನೆನೆಯುವುದು ಒಳ್ಳೆಯದು.